ಒಂದು ಚೌಕದಲ್ಲಿ ಹನ್ನೆರಡು

ಸುಗಲಮ್ಮ ಬಂದಾಗ ಅಳುತ್ತಿರಲಿಲ್ಲ. ಹೊಸ ಐಟಿ ಕಟ್ಟಡದ ಸಾಮಾನು ಲಿಫ್ಟ್‌ನಲ್ಲಿ ಅವಳ ಗಂಡ ಗೊಲ್ಲಾಳಪ್ಪ ಕುಸಿದು ಬಿದ್ದು ಸತ್ತು ಮೂರು ದಿನವಾಗಿತ್ತು. ಅದು ೨೦೦೧.

"ಎದಿ ಬ್ಯಾನಿ ಅಂತಾರ್ರಿ," ಎಂದು ಅವಳು ಪೊಲೀಸರು ಕೊಟ್ಟಿದ್ದ, ಗಂಡನ ಹೆಸರಿನ ಇಸಿಜಿ ಕಾಗದವನ್ನು ಮೇಜಿನ ಮೇಲಿಟ್ಟಳು. "ಕರೆಂಟ್ ಹೊಡದದ ಅಂತೀನಿ ನಾ. ನಾಳೆ ಅದೇ ಲಿಫ್ಟಿಗೆ ನನ್ನ ತಮ್ಮ ಹುಲಗೇಶನ್ನ ಹಚ್ಚ್ಯಾರ."

ಬಸವಲಿಂಗಪ್ಪನವರು ಹೈದರಾಬಾದಿನ ಬಾಲಾನಗರದಲ್ಲಿ ವಿಮಾನಗಳ ಎಲೆಕ್ಟ್ರಾನಿಕ್ಸ್ ಮಾಡುವ ಏವಿಯಾನಿಕ್ಸ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಸಿಗ್ನಲ್‌ಗಳಿಂದ ಗದ್ದಲ ಸೋಸಿ ನಿವೃತ್ತರಾದವರು. ಈಗ ಜನ ಅವರ ಬಳಿ ತಮ್ಮ ಒಗಟುಗಳನ್ನು ತರುತ್ತಿದ್ದರು. ಅವನ್ನು ಬರೆದಿಡುವುದು ಅವರ ಬಾಡಿಗೆದಾರನಾದ ನನ್ನ ಕೆಲಸ.

ಅವರು ನನಗೆ ಭೂತಗನ್ನಡಿ ಕೊಟ್ಟರು. "ಗೆರಿ ಮ್ಯಾಲೆ ಸಣ್ಣ ನಡುಗು ಐತಲ್ಲ? ಒಂದು ದೊಡ್ಡ ಚೌಕದಾಗ ಎಷ್ಟು, ಎಣಿಸ್ರಿ."

"ಹನ್ನೆರಡು."

"ಮತ್ತೊಮ್ಮೆ."

"ಹನ್ನೆರಡೇ."

ಮರುದಿನ ಬೆಳಿಗ್ಗೆ ಸೈಟಿನ ಕ್ಲಿನಿಕ್ಕಿನಲ್ಲಿ ಮೂವರನ್ನು ಕೂರಿಸಿದೆವು: ಕೆಲಸಕ್ಕೆ ಸೇರುವ ಕೂಲಿಗಳ ಇಸಿಜಿ ತೆಗೆಯುವ ನರ್ಸ್ ಗುಣವತಿ, ಹೃದಯ ಬಡಿತದ ಏರುಪೇರು ಗುರುತಿಸುವ ಸಾಫ್ಟ್‌ವೇರ್ ಬರೆದ ರವಿಕಿರಣ, ಅದನ್ನು ಅತಿಥಿಗಳಿಗೆ ತೋರಿಸುವ ಸುರಕ್ಷತಾ ಅಧಿಕಾರಿ ಮೋಹನ. ಪೊಲೀಸರಿಗೆ ಆ ಇಸಿಜಿ ಕಾಗದ ಕೊಟ್ಟವನು ಮೋಹನನೇ. ಬಾಗಿಲ ಬಳಿ ಸುಗಲಮ್ಮ, ಅವಳ ಪಕ್ಕ ಹೆಲ್ಮೆಟ್ ಹಾಕಿಕೊಂಡ ಹುಲಗೇಶ.

"ಲಗೂ ಮುಗಸ್ರಿ ಕಾಕಾ, ಲಿಫ್ಟ್ ಕಾಯಾಕತ್ತದ," ಎಂದು ಮೋಹನ ನಕ್ಕ.

"ಒಂದು ದೊಡ್ಡ ಚೌಕ ಅಂದ್ರ ಸೆಕೆಂಡಿನ ಐದನೇ ಒಂದು ಪಾಲು," ಎಂದರು ಬಸವಲಿಂಗಪ್ಪ. "ನಮ್ಮ ಕರೆಂಟು ಸೆಕೆಂಡಿಗೆ ಐವತ್ತು ಸಲ ನಡಗತೈತಿ. ಅದರ ಗದ್ದಲ ಇಸಿಜಿಯಾಗ ಸೇರಿದ್ರ ಚೌಕಕ್ಕ ಹತ್ತು. ಹನ್ನೆರಡು ಅಂದ್ರ ಅರವತ್ತು, ಅಮೆರಿಕಾದ ಕರೆಂಟು. ಈ ಎದಿ ಹೈದರಾಬಾದಿಂದಲ್ಲ."

ರವಿಕಿರಣ ಬಗ್ಗಿ ಕಾಗದ ನೋಡಿದ. "ಅಲ್ಲಿಂದ ತರಿಸಿದ ಮಾದರಿ ಸಿಡಿಯಲ್ಲಿರೋ ರೋಗಿಯ ಇಸಿಜಿ ಅದು ಸರ್. ಸಾಫ್ಟ್‌ವೇರಿಗೆ ಕಲಿಸೋಕೆ."

"ಗುಣವತಿಯವರ ಯಂತ್ರ ಹತ್ತೇ ಬರೀತೈತಿ," ಎಂದು ಬಸವಲಿಂಗಪ್ಪ ಅವನತ್ತ ತಿರುಗಿದರು. "ಕಾಗದ ಬದಲಿಸಿದಾಂವ ನೀನಾಗಿದ್ರ ಆ ನಡುಗನ್ನ ಮೊದಲು ಸೋಸತಿದ್ದಿ, ನಿನ್ನ ದಿನದ ಕೆಲಸ ಅದು. ಸೋಸಬೇಕಂತ ಗೊತ್ತಿಲ್ಲದವರ ಕೈಯಾಗ ಸಿಡಿ ಐತೇನು?"

"ಮೋಹನ ಸರ್ ಹತ್ರ ಒಂದಿದೆ, ಅತಿಥಿಗಳಿಗೆ ತೋರಿಸೋಕೆ."

ಮೋಹನ ಒಪ್ಪಿಕೊಂಡ. "ಲಿಫ್ಟಿನ ವೈರ್ ಸುಲದಿತ್ತು. ಬದಲಸಾಕ ಎರಡು ದಿನ ಲಿಫ್ಟ್ ನಿಲ್ಲಸಬೇಕಿತ್ತು. ಉದ್ಘಾಟನೆ ಹತ್ರ ಬಂದಿತ್ತು."

ಒಂಬತ್ತು ಇಪ್ಪತ್ತಕ್ಕೆ ಲಿಫ್ಟಿನ ಕರೆಂಟು ತೆಗೆದರು. ಪೊಲೀಸರು ಹತ್ತಕ್ಕೆ ಬಂದರು.

"ಗೊಲ್ಲಾಳಪ್ಪನ ಅಸಲಿ ಇಸಿಜಿ ರೆಕಾರ್ಡ್ ನನ್ನ ಕಂಪ್ಯೂಟರಿನಲ್ಲಿದೆ," ಎಂದ ರವಿಕಿರಣ. "ಯಾರೂ ಕೇಳಲಿಲ್ಲ." ಕಾಗದ ಹೊರಬಂತು. ಬಡಿತಗಳು ಏರುಪೇರಿಲ್ಲದೆ ಸಮದೂರದಲ್ಲಿದ್ದವು.

ಸುಗಲಮ್ಮ ನನ್ನ ಕೈಯಿಂದ ಭೂತಗನ್ನಡಿ ತೆಗೆದುಕೊಂಡು ಒಂದು ಚೌಕದ ಮೇಲೆ ಹಿಡಿದಳು. ತುಟಿಗಳಷ್ಟೇ ಅಲುಗಿದವು.

"ಹತ್ತು," ಎಂದಳು. ಕಾಗದ ಮಡಚಿದಳು. "ಹುಲಗ್ಯಾ, ಹೆಲ್ಮೆಟ್ ತಗಿ. ಮನಿಗೆ ನಡಿ."