ಫ್ಯಾಮಿಲಿಗೆ ಮಾತ್ರ

"ಫ್ಯಾಮಿಲಿ ಇದೆಯೇನ್ರೀ?"

ಬೆಂಗಳೂರಿನಲ್ಲಿ ಬಾಡಿಗೆ ಮನೆ ಕೇಳಿಕೊಂಡು ಹೋದ ಯಾವ ಗಂಡಸಿಗೂ ಮೊದಲು ಎದುರಾಗುವ ಪ್ರಶ್ನೆ ಇದೇ. ಫ್ಯಾಮಿಲಿ ಅಂದರೆ ಇಲ್ಲಿ ಹೆಂಡತಿ. ಚಿಂತಾಮಣಿಯಿಂದ ಬಂದ ನಜೀರ್‌ಗೆ ಅದು ಗೊತ್ತಿರಲಿಲ್ಲ. ಆರ್.ಟಿ. ನಗರದ ಓನರ್ ಒಬ್ಬರಿಗೆ "ಇದೆ ಸಾರ್, ಅಬ್ಬಾ, ಅಮ್ಮಿ, ದಾದಿ" ಎಂದನಂತೆ. ಅವರು ನಕ್ಕು ಬಾಗಿಲು ಹಾಕಿಕೊಂಡರಂತೆ.

ಆ ಮಾತಿನ ಅರ್ಥವನ್ನು ಅವನಿಗೆ ಹೇಳಿಕೊಟ್ಟವಳೇ ನಾನು. ಅದನ್ನು ನೆನಪಿಟ್ಟುಕೊಳ್ಳಿ.

ಅದು ಎಂಬತ್ಮೂರನೇ ಇಸವಿ. ಹೆಬ್ಬಾಳದ ಬೀಜದ ಕಂಪನಿಯೊಂದರಲ್ಲಿ ನಾನು ಟೈಪಿಸ್ಟ್. ಅವನು ಆರು ತಿಂಗಳ ಟ್ರೈನಿಂಗಿಗೆ ಬಂದಿದ್ದ. ಯಶವಂತಪುರದ ಲಾಡ್ಜಿನಲ್ಲಿ ತಿಗಣೆ ಕಚ್ಚಿಸಿಕೊಂಡು, ಬೆಳಿಗ್ಗೆ ಕೈ ಕೆರೆಯುತ್ತಾ ನನ್ನ ಮೇಜಿನ ಮುಂದೆ ನಿಲ್ಲುತ್ತಿದ್ದ.

"ಆರೇ ತಿಂಗಳಿಗೆ, ಅದೂ ಬ್ಯಾಚುಲರ್‌ಗೆ, ಯಾರ್ರೀ ಮನೆ ಕೊಡ್ತಾರೆ?" ಎಂದೆ.

"ನೀವು ಜೊತೆಗೆ ಬಂದ್ರೆ ಕೊಡ್ತಾರೆ."

ಟೈಪ್‌ರೈಟರ್ ಮೇಲಿದ್ದ ನನ್ನ ಬೆರಳು ನಿಂತುಹೋಯಿತು. "ಏನಂತ ಬರ್ಲಿ?"

ಅವನು ನೆಲ ನೋಡಿದ. ಆಮೇಲೆ ನಿಧಾನವಾಗಿ ಕಣ್ಣೆತ್ತಿ ನನ್ನನ್ನೇ ನೋಡಿದ. ತುಟಿಯ ಒಂದು ಅಂಚಿನಲ್ಲಿ ಮಾತ್ರ ನಗು. "ಏನಂತ ಬಂದ್ರೆ ನಿಮಗಿಷ್ಟವೋ, ಹಾಗೇ ಬನ್ನಿ."

ಅಯ್ಯೋ, ಆ ಕಣ್ಣುಗಳೇ! ಸುಡಲಿ.

ಶನಿವಾರ ಮಧ್ಯಾಹ್ನ ಮನೆ ನೋಡಲು ಕೋಗಿಲಿಗೆ ಹೋದೆವು. ದ್ರಾಕ್ಷಿ ತೋಟದ ಪಕ್ಕ ಓನರ್ ಸೊಣ್ಣಮ್ಮನ ಮನೆ, ಅದರ ಹಿಂದೆ ಕೆಂಪು ನೆಲದ ಎರಡು ಕೋಣೆ. ಸೊಣ್ಣಮ್ಮ ಎಲೆಯಡಿಕೆ ಉಗಿದು ಬಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಇವ್ರು ನಿಮ್ ಪ್ಯಾಮಿಲೀನಾ?"

"ಹೂಂ," ಎಂದ ನಜೀರ್. ತಡವರಿಸಲಿಲ್ಲ, ಕೆಮ್ಮಲಿಲ್ಲ. ನನ್ನ ಕಿವಿ ಬಿಸಿಯಾಯಿತು. ನಾನು ಬಾಯಿ ಬಿಡಲಿಲ್ಲ.

"ನೀವು ಯಾವ ಜನ ಆದ್ರೂ ಸರಿ ಕಣವ್ವ, ನಮ್ ಮನೇಗ್ ಬರೋವಾಗ ಆಲು ಉಕ್ಕಿಸ್ಬೇಕು. ಮನೆಯೋಳೇ ಉಕ್ಕಿಸ್ಬೇಕು," ಎಂದಳು ಸೊಣ್ಣಮ್ಮ.

ಮುಂದಿನ ಭಾನುವಾರ ಸೀಮೆಎಣ್ಣೆ ಸ್ಟವ್ ಮುಂದೆ ಕುಕ್ಕರಗಾಲಲ್ಲಿ ಕೂತೆ. ನಮ್ಮ ಮನೆಯಲ್ಲಿ ಹಾಲು ಉಕ್ಕಿದರೆ ಅಮ್ಮಿ ಇಡೀ ದಿನ ಬೈಯುತ್ತಾಳೆ. ನೊರೆ ಮೇಲೇರುತ್ತಿದ್ದಂತೆ ಅಭ್ಯಾಸಬಲದಿಂದ ಸೆರಗು ಹಿಡಿದು ಪಾತ್ರೆ ಇಳಿಸಲು ಹೋದೆ.

"ಏ, ಬುಡವ್ವಾ! ಉಕ್ಲಿ, ಮನೆ ತುಂಬ್ಲಿ!" ಎಂದು ಸೊಣ್ಣಮ್ಮ ಕೈ ಹಿಡಿದಳು.

ಹಾಲು ಚುಂಯ್ ಎಂದು ಸ್ಟವ್ ಮೇಲೆ ಹರಿಯಿತು. ನನಗೆ ನಗುವೂ ಬಂತು, ಅಳುವೂ ಬಂತು. ಸೊಣ್ಣಮ್ಮ ಆ ಕಡೆ ಹೋದಾಗ ನಜೀರ್ ನನ್ನ ಕಿವಿಯ ಹತ್ತಿರ ಬಗ್ಗಿದ.

"ಇನ್ನು ತಪ್ಪಿಸ್ಕೊಳ್ಳೋಕಾಗಲ್ಲ, ತಾಹೆರಾ."

ಅಲ್ಲಿಯವರೆಗೂ ನಾನು 'ತಾಹೆರಾ ಅವ್ರೇ' ಆಗಿದ್ದೆ.

ಆಮೇಲೆ ನನ್ನ ಕಾಲು ನೆಲದ ಮೇಲಿರಲಿಲ್ಲ. "ನನ್ನ ಫ್ಯಾಮಿಲಿ ತವರಲ್ಲಿದ್ದಾಳೆ, ಅವಳಮ್ಮನಿಗೆ ಹುಷಾರಿಲ್ಲ" ಎಂದು ಸೊಣ್ಣಮ್ಮನಿಗೆ ಅವನೇ ಹೇಳಿದ್ದ. ಬಸ್‌ಸ್ಟಾಪಿನಲ್ಲಿ ಹುರಿದ ಕಡಲೆಕಾಯಿ ಸುಲಿದು ನನ್ನ ಅಂಗೈಗೆ ಹಾಕುತ್ತಿದ್ದ. "ನಮ್ಮನೆ ಕಿಟಕಿಗೆ ಪರದೆ ಬೇಕಲ್ವಾ?" ಎಂದು ಗೇಣು ಹಾಕಿ ಅಳತೆ ತೋರಿಸಿದ. ನಮ್ಮನೆ! ಹಸಿರು ಬಟ್ಟೆ ತಂದು, ಅಮ್ಮಿಗೆ ಗೆಳತಿಯ ಮನೆಗೆ ಎಂದು ಹೇಳಿ, ನಾನೇ ಹೊಲಿದೆ. ಅವನು ರಜೆ ಹಾಕಿ ಊರಿಗೆ ಹೋದಾಗ ನನ್ನ ವಿಷಯ ಮಾತಾಡಲೆಂದೇ ಹೋಗಿದ್ದಾನೆ ಅಂದುಕೊಂಡೆ.

ಅವನು ಬರುವಷ್ಟರಲ್ಲಿ ಪರದೆ ಕಟ್ಟಿರಬೇಕೆಂದು ಕೋಗಿಲಿಗೆ ಹೋದರೆ, ಅವನು ಆಗಲೇ ಬಂದಿದ್ದ. ಜಗಲಿಯ ಮೇಲೆ ಒಂದು ಹೊಸ ಟ್ರಂಕು. ಅದರ ಪಕ್ಕದಲ್ಲಿ, ಮಣಿಕಟ್ಟಿನವರೆಗೂ ಮೆಹಂದಿ ಹಾಕಿಕೊಂಡ ಒಬ್ಬ ಹುಡುಗಿ. ಬಾಗಿಲಿಗೆ ಅಡ್ಡಲಾಗಿ ಸೊಣ್ಣಮ್ಮ.

"ಬಾರವ್ವ, ಒಳ್ಳೆ ಒತ್ತಿಗ್ ಬಂದೆ! ಈಯಪ್ಪ ಈ ಉಡ್ಗೀನ ಕರ್ಕಂಬಂದು ಪ್ಯಾಮಿಲಿ ಅಂತಾನೆ. ಆಲು ಉಕ್ಸಿದೋಳು ನೀನು. ಅಂಗಾದ್ರೆ ನೀನ್ಯಾರು?"

ನಜೀರ್ ಓಡಿಬಂದು ನನ್ನನ್ನು ನಲ್ಲಿಯ ಹತ್ತಿರ ಕರೆದುಕೊಂಡು ಹೋದ. ಮುಖ ಬೆವರಿತ್ತು.

"ಎರಡು ವರ್ಷದ ಹಿಂದೇನೇ ಗೊತ್ತಾಗಿದ್ದ ಸಂಬಂಧ, ತಾಹೆರಾ ಅವ್ರೇ."

ಮತ್ತೆ 'ಅವ್ರೇ' ಆಗಿದ್ದೆ.

"ನಂಗೆ ಹೇಳ್ಲಿಲ್ಲ."

"ನೀವು ಕೇಳ್ಲಿಲ್ಲ."

ಕಪಾಳಕ್ಕೆ ಬಾರಿಸಬೇಕೆನ್ನಿಸಿತು. ಕೈಯಲ್ಲಿ ಪರದೆಯ ಚೀಲವಿತ್ತು.

"ಒಂದೇ ಒಂದು ಮಾತು, ತಂಗಿ ಅಂತ ಹೇಳ್ಬಿಡಿ. ಇಲ್ಲಾಂದ್ರೆ ಇವತ್ತೇ ಆಚೆ ಹಾಕ್ತಾರೆ. ಫ್ಯಾಮಿಲಿ ಅಂದ್ರೆ ತಂಗೀನೂ ಬರ್ತಾಳಲ್ವಾ?"

ನಾನು ಹೇಳಿಕೊಟ್ಟ ಮಾತನ್ನೇ ನನ್ನ ಮುಂದೆ ತಿರುಚುತ್ತಿದ್ದ! ಆ ಹುಡುಗಿಯ ಮೇಲೂ ಸಿಟ್ಟು ಬರಲಿ ಎಂದು ಅವಳತ್ತ ನೋಡಿದೆ. ಅವಳು ಟ್ರಂಕಿನ ಹಿಡಿ ಬಿಡದೆ ನನ್ನನ್ನೇ ನೋಡುತ್ತಿದ್ದಳು. ಅವಳಿಗೂ ಯಾರೂ ಏನೂ ಹೇಳಿರಲಿಲ್ಲ. ಸಿಟ್ಟು ಬರಲಿಲ್ಲ.

ಸೊಣ್ಣಮ್ಮನ ಮುಂದೆ ಹೋಗಿ ನಿಂತೆ.

"ನಾನು ಇವರ ತಂಗಿ ಅಲ್ಲಮ್ಮ. ಹೆಂಡತೀನೂ ಅಲ್ಲ. ಹೆಂಡತಿ ಇವಳೇ, ಒಳಗೆ ಬಿಡಿ. ಇವಳೇನೂ ಸುಳ್ಳು ಹೇಳಿಲ್ಲ."

"ಮತ್ತೆ ಅವತ್ತು ನೀನ್ಯಾಕವ್ವ ಆಲು ಉಕ್ಸಿದೆ?"

ನಜೀರ್ ತಲೆ ತಗ್ಗಿಸಿದ. ಅವನಿಗೆ ಒಮ್ಮೆಯೂ ಬಾಯಿಬಿಟ್ಟು ಹೇಳಿರದಿದ್ದುದನ್ನು ಸೊಣ್ಣಮ್ಮನಿಗೆ ಹೇಳಿದೆ.

"ಅವರು ಹೂಂ ಅಂದಿದ್ದು ಮನೆಗೋಸ್ಕರ. ನಾನು ಹಾಲು ಉಕ್ಕಿಸಿದ್ದು ಅವರಿಗೋಸ್ಕರ."

ಸೊಣ್ಣಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಬಾಗಿಲು ಬಿಟ್ಟು ಸರಿದಳು. ಆ ಹುಡುಗಿ ಒಳಗೆ ಹೋದಳು.

ಚೀಲ ಹಿಡಿದುಕೊಂಡೇ ಗೇಟು ದಾಟಿದೆ. ಪರದೆಗಳನ್ನು ಕೊಟ್ಟು ಬರುವಷ್ಟು ಒಳ್ಳೆಯವಳು ನಾನಲ್ಲ.