ರೋನಾಳ ಪುಟ್ಟ ಪೆಟ್ಟಿಗೆ

ಶನಿವಾರದ ಪುರವಣಿಯಲ್ಲಿ ರೋನಾ ಬರೆದದ್ದನ್ನು ಓದಿದ ದಿನವೇ ಐಲ್ಸಾ ಅವಳನ್ನು ಕ್ಷಮಿಸಿಬಿಟ್ಟಳು. ಕ್ಷಮಿಸದೆ ಮತ್ತೆ ಅವಳ ಜೊತೆ ಮಿಲಾನಿಗೆ ಹೋಗುವುದು ಹೇಗೆ? ಹೋಗದೆ ಅವಳ ಮಾನ ಕಳೆಯುವುದು ಹೇಗೆ?

ಬರಹವೇನೋ ಚೆನ್ನಾಗಿಯೇ ಇತ್ತು. ಸೊಗಸುಗಾತಿಗೆ ಒಂದು ಪುಟ್ಟ ಪೆಟ್ಟಿಗೆ ಸಾಕಂತೆ. ಒಂದೇ ಕಪ್ಪು ಉಡುಪನ್ನು ಹಗಲು ಬೂಟಿನ ಜೊತೆ, ಸಂಜೆ ಮುತ್ತಿನ ಸರದ ಜೊತೆ ಹಾಕಬೇಕಂತೆ. ಶೂಗಳ ಹೊಟ್ಟೆಗೆ ಕಾಲುಚೀಲ ತುರುಕಬೇಕಂತೆ. ಅರ್ಧ ಪೆಟ್ಟಿಗೆ ಖಾಲಿ ಬಿಡಬೇಕಂತೆ, ವಾಪಸು ಬರುವಾಗ ತುಂಬಿಕೊಳ್ಳಲು. ಕಪ್ಪು ಉಡುಪು, ಕಾಲುಚೀಲ ಎರಡೂ ಐಲ್ಸಾ ಹೇಳಿಕೊಟ್ಟದ್ದು. ಅವಳ ಹೆಸರು ಬಂದದ್ದು ಮಾತ್ರ ಕೊನೆಯ ಸಾಲಿನಲ್ಲಿ: ‘ನನ್ನ ಗೆಳತಿ ಐಲ್ಸಾ ಎರಡು ದಿನದ ಪ್ರವಾಸಕ್ಕೂ ಮನೆ ಖಾಲಿ ಮಾಡಿದವಳಂತೆ ಹೊರಡುತ್ತಾಳೆ.’ ಎಡಿನ್‌ಬರೋದಲ್ಲಿ ಐಲ್ಸಾ ಪಾಠ ಹೇಳುವ ಶಾಲೆಯಲ್ಲಿ ಹೆಡ್‌ಮಾಸ್ತರರೂ ನಕ್ಕರು.

ಮಿಲಾನಿನ ಮೊದಲ ಸಂಜೆ ಊಟಕ್ಕೆ ಕೂತಾಗ ರೋನಾ ವೈನನ್ನು ಒಂದು ಗುಟುಕು ಸವಿದು ವಾಪಸು ಕಳಿಸಿದಳು. ಮಾಣಿ ಅವಳಿಗೆ ಇನ್ನಷ್ಟು ಬಾಗಿದ. ಐಲ್ಸಾಳಿಗಾದರೆ ಅದೇ ವೈನು ಸಾಕಾಗುತ್ತಿತ್ತು.

“ಆ ಬರಹಕ್ಕೆ ಬೇಜಾರಿಲ್ಲ ತಾನೇ?” ಕೇಸರಿ ಅನ್ನವನ್ನು ಫೋರ್ಕಿನಲ್ಲಿ ಕೆದಕುತ್ತ ರೋನಾ ಕೇಳಿದಳು.

“ಛೇ, ನಾನೂ ನಕ್ಕೆ ಕಣೇ.”

“ಅದಕ್ಕೇ ನೀನಂದ್ರೆ ನಂಗಿಷ್ಟ. ಬೇರೆಯವರಾಗಿದ್ರೆ ಮುಖ ಊದಿಸ್ಕೊಂಡು ಕೂತಿರೋರು. ಅಂದಹಾಗೆ, ಈ ಸಲ ಎಷ್ಟು ಜೊತೆ ಬೂಟು ತಂದಿದೀಯಾ, ಮಾರಾಯ್ತಿ?”

ಐಲ್ಸಾ ನಗುತ್ತಲೇ ಕರುವಿನ ಮೂಳೆಯೊಳಗಿನ ಮಜ್ಜೆಯನ್ನು ಚಮಚದಲ್ಲಿ ಕೆರೆದು ತಿಂದಳು. ಸೇಡು ಇಷ್ಟು ಹಸಿವು ತರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಉಪಾಯ ಸರಳವಾಗಿತ್ತು. ಬ್ರೇರಾ ಬಡಾವಣೆಯಲ್ಲಿ ಅವರು ಪ್ರತಿ ಸಲ ಹೋಗುವ ದೊಡ್ಡ ಅಂಗಡಿಯಲ್ಲಿ ರೇಷ್ಮೆ ಶಾಲುಗಳಿಗೆ ಬಟನ್ನಿನಂಥ ಬಿಲ್ಲೆ ಸಿಕ್ಕಿಸಿರುತ್ತಾರೆ. ಹಣ ಕಟ್ಟಿ ಬಿಲ್ಲೆ ಬಿಚ್ಚಿಸದೆ ಹೊರಟರೆ ಬಾಗಿಲಿನ ಕಂಬಗಳು ಊರಿಗೆಲ್ಲ ಕೇಳುವಂತೆ ಕೂಗುತ್ತವೆ. ಮೆಟ್ಟಿಲ ತಿರುವಿನಲ್ಲಿ ಕ್ಯಾಮೆರಾ ಇಲ್ಲ. ಹೋದ ವರ್ಷವೇ ನೋಡಿಟ್ಟುಕೊಂಡಿದ್ದಳು. ಅಲ್ಲಿ ಒಂದು ಶಾಲು ರೋನಾಳ ಬಾಯ್ತೆರೆದ ಚೀಲಕ್ಕೆ ಜಾರಬೇಕು, ಅಷ್ಟೆ. ಪುಟ್ಟ ಪೆಟ್ಟಿಗೆಯ ಪಂಡಿತೆ ಮಿಲಾನಿನಲ್ಲಿ ಕಳ್ಳತನ ಮಾಡಿ ಸಿಕ್ಕಿಬಿದ್ದಳು! ಮುಂದಿನ ಶನಿವಾರದ ಪುರವಣಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೇ? ಐಲ್ಸಾ ಕಣ್ಣೊರೆಸಿಕೊಳ್ಳುವಳು; ಪೊಲೀಸರಿಗೆ “ಇವಳು ಅಂಥವಳಲ್ಲ” ಎಂದು ನಂಬಿಕೆ ಬಾರದ ದನಿಯಲ್ಲಿ ಹೇಳುವಳು; ಆಮೇಲೆ ಇಬ್ಬರಿಗೆಂದು ಕಾದಿರಿಸಿದ ಮೇಜಿನಲ್ಲಿ ಒಬ್ಬಳೇ ಕೂತು ಊಟ ಮಾಡುವಳು.

ಮರುದಿನ ಎಲ್ಲವೂ ಅಂದುಕೊಂಡಂತೆಯೇ ನಡೆಯಿತು. ಶಾಲು ನೀರಿನಂತೆ ಜಾರಿತು. ರೋನಾ ತಿರುಗಿಯೂ ನೋಡಲಿಲ್ಲ. ಮೆಟ್ಟಿಲ ಕೆಳಗೆ ಬರುವಷ್ಟರಲ್ಲಿ ಅವಳಿಗೆ ಗೆಳತಿಯ ಮೇಲೆ ಅಕ್ಕರೆಯೂ ಉಕ್ಕಿತು. ಐಲ್ಸಾಳನ್ನು ತಬ್ಬಿ, “ಅಯ್ಯೋ, ಕಾಲರ್ ಮಡಚಿದೆ ನೋಡೇ” ಎಂದು ಕೋಟು ಸರಿಪಡಿಸಿದಳು. “ನೀನು ನಿಧಾನಕ್ಕೆ ಬಾ. ನಾನು ಟ್ಯಾಕ್ಸಿ ನೋಡ್ತೀನಿ.”

ಅವಳು ಕಂಬಗಳ ನಡುವೆ ನಡೆದಳು. ಐಲ್ಸಾ ಮುಖದಲ್ಲಿ ಗಾಬರಿಯನ್ನು ಸಿದ್ಧಪಡಿಸಿಕೊಂಡಳು.

ಕಂಬಗಳು ಸುಮ್ಮನಿದ್ದವು.

ಕೆಟ್ಟುಹೋಗಿವೆಯೇನೋ! ಇಟಲಿಯವರ ಮೇಲೆ ಬಂದ ಕೋಪದಲ್ಲಿ ಐಲ್ಸಾ ದಡದಡನೆ ಬಾಗಿಲು ದಾಟಿದಳು. ಕಂಬಗಳು ಕಿರುಚಿಕೊಂಡವು. ಕಾವಲುಗಾರ ಅವಳ ಕೋಟಿನ ಜೇಬಿನಿಂದ ಶಾಲನ್ನು ಬಹಳ ಮರ್ಯಾದೆಯಿಂದ ಎಳೆದು ತೆಗೆದ. ರೋನಾ ಓಡಿಬಂದಳು.

“ಐಲ್ಸಾ! ನೀನಾ? ಕೇಳಿದ್ರೆ ನಾನೇ ಕೊಡಿಸ್ತಿದ್ನಲ್ಲೇ!” ಎಂದು ಕಣ್ಣೊರೆಸಿಕೊಂಡಳು. ಕಾವಲುಗಾರನಿಗೆ, “ಇವಳು ಅಂಥವಳಲ್ಲ” ಎಂದಳು. ಅವನಿಗೂ ನಂಬಿಕೆ ಬರಲಿಲ್ಲ. ಅವಳು ಗಡಿಯಾರ ನೋಡಿಕೊಂಡಳು. “ಮೇಜು ಹಾಳಾಗೋದು ಬೇಡ. ನಾನು ಊಟ ಮುಗಿಸಿ ಬಂದ್ಬಿಡ್ತೀನಿ, ಆಯ್ತಾ?”

ಮ್ಯಾನೇಜರನ ಕೋಣೆಯಲ್ಲಿ ಪೊಲೀಸರಿಗಾಗಿ ಕಾಯುತ್ತ ಐಲ್ಸಾ ಎಲ್ಲವನ್ನೂ ಮತ್ತೆ ಲೆಕ್ಕ ಹಾಕಿದಳು. ಬಿಲ್ಲೆ, ಬಾಗಿಲು, ತಿರುವು, ಕ್ಯಾಮೆರಾ, ಯಾವುದರಲ್ಲೂ ತಪ್ಪಿರಲಿಲ್ಲ. ರೋನಾಳ ಅರ್ಧ ಖಾಲಿ ಪೆಟ್ಟಿಗೆ ಪ್ರತಿ ಸಲವೂ ಬಿರಿಯುವಂತೆ ತುಂಬಿ ಮನೆಗೆ ಹೋಗುವುದನ್ನು ಅವಳು ಹೊಟ್ಟೆಕಿಚ್ಚಿನಿಂದ ನೋಡಿದ್ದಳು. ಆದರೆ ಇಷ್ಟು ವರ್ಷ ಒಟ್ಟಿಗೆ ಅಂಗಡಿ ಸುತ್ತಿದರೂ, ರೋನಾ ಒಮ್ಮೆಯಾದರೂ ಹಣ ಕಟ್ಟುವ ಕೌಂಟರಿನ ಮುಂದೆ ನಿಂತದ್ದನ್ನು ತಾನು ಕಂಡೇ ಇಲ್ಲವೆಂಬುದು ಈಗಷ್ಟೇ ಅವಳಿಗೆ ಹೊಳೆಯಿತು.