ಸರದಿ ತಪ್ಪಿದ ವಿಮಾನ

ಮಂಗಳವಾರ ಬೆಳಗ್ಗೆ ಹತ್ತು ಗಂಟೆಗೆ ಹಳೇ ವಿಮಾನಗಳ ಯಾರ್ಡಿನ ಮ್ಯಾನೇಜರು ಠಾಣೆಯ ಮೆಟ್ಟಿಲು ಹತ್ತಿದಾಗ ಅವರ ಅಂಗಿಯ ಗುಂಡಿಗಳು ಒಂದು ಕಾಜ ಹೆಚ್ಚುಕಡಿಮೆಯಾಗಿ ಕೂತಿದ್ದವು.

"ಮೇಡಂ, ಬೇರೆ ವಿಮಾನ ಕೊಯ್ದುಬಿಟ್ಟಿದಾರೆ."

ಇನ್‌ಸ್ಪೆಕ್ಟರ್ ಚಹಾದ ಲೋಟ ಕೆಳಗಿಟ್ಟರು. ತಪ್ಪು ಮನೆಗೆ ನುಗ್ಗಿದ ಕಳ್ಳರನ್ನು ಅವರು ಕಂಡಿದ್ದರು, ತಪ್ಪು ಮನುಷ್ಯನಿಗೆ ಬಾರಿಸಿದ ರೌಡಿಗಳನ್ನೂ ಕಂಡಿದ್ದರು. ತಪ್ಪು ವಿಮಾನ ಕೊಯ್ದವರನ್ನು ಕಾಣುವುದು ಬಾಕಿಯಿತ್ತು.

"ಕೂತ್ಕೊಳ್ಳಿ. ಯಾವುದನ್ನ ಕೊಯ್ಯಬೇಕಿತ್ತು?"

"ಮೂರನೇ ಸಾಲಿನ ಹಳೇದನ್ನ. ಕೊಯ್ದಿರೋದು ಪಕ್ಕದ್ದನ್ನ. ಅದು ಹೋದ ವಾರವಷ್ಟೇ ಮಾರಾಟ ಆಗಿತ್ತು ಮೇಡಂ. ಗುರುವಾರ ಮೆಕ್ಯಾನಿಕ್‌ಗಳು ಬಂದು, ಸಜ್ಜು ಮಾಡಿ, ಹಾರಿಸ್ಕೊಂಡು ಹೋಗೋರಿದ್ರು. ಇವತ್ತು ಅದರ ಮೂಗು ಒಂದು ಕಡೆ, ಮೈ ಒಂದು ಕಡೆ. ಎಲ್ಲ ಆ ಕಟಿಂಗ್ ಮೇಸ್ತ್ರಿಯ ಕಿತಾಪತಿ. ಅವನನ್ನ ಮೊದಲು ಒಳಗೆ ಹಾಕಿ."

ಹೆಡ್ ಕಾನ್‌ಸ್ಟೇಬಲ್‌ನನ್ನು ಠಾಣೆಯಲ್ಲಿ ಎಲ್ಲರೂ ಚುಟುಕು ಎನ್ನುತ್ತಿದ್ದರು. ಒಂದು ಸೈಕಲ್ ಕಳವನ್ನು ಎಂಟು ಪುಟಕ್ಕಿಂತ ಕಡಿಮೆಗೆ ಬರೆದು ಗೊತ್ತಿಲ್ಲದ ಮನುಷ್ಯ. ಆತ ಪೆನ್ನಿನ ಮುಚ್ಚಳ ತೆಗೆದು, "ಮೇಡಂ, ಆಸ್ತಿಗೆ ಹಾನಿ ಅಂತ ಎಫ್‌ಐಆರ್ ಮಾಡ್ಲಾ, ಇಲ್ಲಾ ಕೊಲೆ ಅಂತ್ಲಾ?" ಎಂದ.

"ಹಾನಿ ಅಂತ ಬರಿ. ಶವ ನೋಡಿ ಆಮೇಲೆ ಯೋಚಿಸೋಣ."

ಹನ್ನೊಂದೂವರೆಗೆ ಜೀಪು ಯಾರ್ಡಿನ ಗೇಟು ದಾಟಿತು. ಒಣ ಬಯಲು, ಕಣ್ಣು ಹರಿದಷ್ಟು ದೂರಕ್ಕೂ ವಿಮಾನಗಳು. ಕೆಲವಕ್ಕೆ ರೆಕ್ಕೆಯಿಲ್ಲ, ಕೆಲವಕ್ಕೆ ಬಾಲವಿಲ್ಲ, ಕೆಲವು ಮಾತ್ರ ಈಗಷ್ಟೇ ಬಂದಿಳಿದಂತೆ ನೀಟಾಗಿ ನಿಂತಿದ್ದವು. ನಿವೃತ್ತಿಯಾದ ವಿಮಾನಕ್ಕೆ ಮೊದಲು ಮಾಡುವ ಮರ್ಯಾದೆಯೆಂದರೆ ಬಾಲದ ಮೇಲಿನ ಕಂಪನಿಯ ಹೆಸರಿಗೆ ಬಿಳಿ ಬಣ್ಣ ಬಳಿಯುವುದು. ಹಾಗಾಗಿ ಎಲ್ಲವೂ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತಿದ್ದವು. ಗೇಟಿನ ಬಳಿ ಪ್ರವಾಸಿಗಳ ಬಸ್ಸೊಂದು ನಿಂತಿತ್ತು. ಟಿಕೆಟ್ ಕೊಂಡು ಬಂದ ಜನ ಕತ್ತೆತ್ತಿ, ಬಾಯಿ ತೆರೆದು, ತುಕ್ಕು ಹಿಡಿದ ಚಕ್ರಗಳ ಫೋಟೋ ತೆಗೆಯುತ್ತಿದ್ದರು. ಸ್ಮಶಾನಕ್ಕೆ ಜನ ಇಷ್ಟು ಖುಷಿಯಾಗಿ ಬರುವುದನ್ನು ಇನ್‌ಸ್ಪೆಕ್ಟರ್ ನೋಡಿದ್ದು ಇದೇ ಮೊದಲು.

ಮೇಸ್ತ್ರಿ ಗ್ಯಾಸ್ ಸಿಲಿಂಡರಿಗೆ ಒರಗಿ ಕೂತಿದ್ದ. ಅವನ ತಂಡದವರು ಸ್ವಲ್ಪ ದೂರದಲ್ಲಿ, ಈಗಾಗಲೇ ಅವನ ಪರಿಚಯವಿಲ್ಲದವರ ಹಾಗೆ ನಿಂತಿದ್ದರು.

"ಯಾವುದನ್ನ ಕೊಯ್ಯಬೇಕು ಅಂತ ನಿನಗೆ ಹೇಗೆ ಗೊತ್ತಾಗುತ್ತೆ?"

"ಹಿಂದಿನ ದಿನ ಸೂಪರ್‌ವೈಸರ್ ಮುಂದಿನ ಬಾಗಿಲ ಹತ್ರ ಕೆಂಪು ಸ್ಪ್ರೇಲಿ ಕ್ರಾಸ್ ಹೊಡೀತಾರೆ ಮೇಡಂ. ಬೆಳಗ್ಗೆ ಬಂದು ಕ್ರಾಸ್ ಇರೋದನ್ನ ಕೊಯ್ತೀವಿ. ಇವತ್ತೂ ಇತ್ತು, ಕೊಯ್ದೆ."

"ಕುಡಿದಿದ್ಯಾ?"

"ಬೆಂಕಿ ಹಿಡ್ಕೊಂಡು ಕೆಲಸ ಮಾಡೋನು ಕುಡಿದ್ರೆ ಇಷ್ಟು ದಿನ ಉಳೀತಿದ್ನಾ?" ಅವನ ದನಿ ಇಳಿಯಿತು. "ಮೇಡಂ, ಈ ಹೆಸರು ಒಂದು ಸಲ ಮೆತ್ಕೊಂಡ್ರೆ ಯಾವ ಯಾರ್ಡಲ್ಲೂ ನನಗೆ ಕಟರ್ ಮುಟ್ಟೋಕೆ ಬಿಡಲ್ಲ. ನನಗೆ ಬೇರೆ ವಿದ್ಯೆ ಬರಲ್ಲ."

"ಇಲ್ಲೇ ಇರು. ಓಡಿ ಹೋಗಬೇಡ."

"ಎಲ್ಲಿಗೆ ಓಡ್ಲಿ ಮೇಡಂ, ವಿಮಾನ ಕೊಯ್ದಾಯ್ತಲ್ಲ," ಎಂದು ಅವನು ಅಳುಮುಖದಲ್ಲೇ ನಕ್ಕ.

ಸಾಕ್ಷಿ ಪಂಚರಾಗಿ ಬಸ್ ಚಾಲಕನನ್ನೂ ಕ್ಯಾಂಟೀನಿನವನನ್ನೂ ಕರೆದುಕೊಂಡು ಇನ್‌ಸ್ಪೆಕ್ಟರ್ ಮೊದಲು ಬದುಕುಳಿದ ಹಳೆಯ ವಿಮಾನದ ಬಳಿ ಹೋದರು. ಮೈಯೆಲ್ಲ ಧೂಳು ಕೂತಿತ್ತು. ಮುಂದಿನ ಬಾಗಿಲ ಪಕ್ಕ ಒಂದು ಜಾಗ ಮಾತ್ರ ಸ್ನಾನ ಮಾಡಿಸಿದಂತೆ ಹೊಳೆಯುತ್ತಿತ್ತು. ಮೂಗು ಹತ್ತಿರ ಒಯ್ದರೆ ಬಣ್ಣ ಕರಗಿಸುವ ಥಿನ್ನರ್ ವಾಸನೆ. ಸೂಪರ್‌ವೈಸರ್ ಸರಿಯಾದ ಕಡೆಗೇ ಕ್ರಾಸ್ ಹೊಡೆದಿದ್ದ. ಯಾರೋ ಅದನ್ನು ಒರೆಸಿ, ಪಕ್ಕದ ವಿಮಾನಕ್ಕೆ ಹೊಸದೊಂದನ್ನು ಹೊಡೆದಿದ್ದರು. ಚುಟುಕು ಪಂಚನಾಮೆಯಲ್ಲಿ ಧೂಳಿನ ಬಣ್ಣವನ್ನು ವರ್ಣಿಸಲು ಶುರುಮಾಡಿದ.

"ಥಿನ್ನರ್ ಮೇಸ್ತ್ರಿ ಹತ್ರಾನೂ ಇದೆ," ಎಂದರು ಮ್ಯಾನೇಜರು.

"ನಿಮ್ಮ ಸ್ಟೋರಲ್ಲಿ?"

"ಅಲ್ಲೂ ಇದೆ," ಎಂದು ಅವರು ಅಂಗಿಯ ಗುಂಡಿ ನೋಡಿಕೊಂಡರು.

ಸತ್ತ ವಿಮಾನದ ಮೂಗಿನ ಭಾಗ ಮಗ್ಗುಲಾಗಿ ಬಿದ್ದಿತ್ತು. ಕೆಂಪು ಕ್ರಾಸು ಕಣ್ಣಿಗೆ ರಾಚುತ್ತಿತ್ತು. ಇನ್‌ಸ್ಪೆಕ್ಟರ್ ಮಂಡಿಯೂರಿ ಕೂತು ಅದನ್ನೇ ನೋಡಿದರು. ಒಂದು ಗೆರೆಯ ನಡುವೆ ದೊಡ್ಡ ನಾಣ್ಯದಗಲದ ಬಿಲ್ಲೆಯೊಂದಕ್ಕೆ ಬಣ್ಣ ತಾಗಿರಲಿಲ್ಲ. ಬಿಲ್ಲೆಯೊಳಗೆ ಸೂಜಿಯಿಂದ ಚುಚ್ಚಿದಂಥ ಸಣ್ಣ ತೂತುಗಳಿದ್ದವು.

"ಇದೇನು?"

"ಗಾಳಿ ಒತ್ತಡ ಅಳೆಯೋ ತೂತು ಮೇಡಂ," ಎಂದರು ಮ್ಯಾನೇಜರು. "ಎಷ್ಟು ಎತ್ತರದಲ್ಲಿದೀವಿ ಅಂತ ಪೈಲಟ್‌ಗೆ ಗೊತ್ತಾಗೋದೇ ಅದರಿಂದ. ಮುಚ್ಚಿಹೋದ್ರೆ ಮೇಲೆ ಹೋದೋರ ಕತೆ ಮುಗೀತು. ಅದಕ್ಕೇ ಅದರ ಮೇಲೆ ಬಣ್ಣ ಬೀಳಿಸಬಾರದು."

"ಕೊಯ್ಯೋ ವಿಮಾನದಲ್ಲೂ?"

"ಕೊಯ್ಯೋದಕ್ಕೆ ಯಾರು ನೋಡ್ತಾರೆ?"

ಇನ್‌ಸ್ಪೆಕ್ಟರ್ ಎದ್ದು, ಯಾರ್ಡಿನಲ್ಲಿ ಬಿದ್ದಿದ್ದ ಹಳೆಯ ಮೂಗುಗಳ ರಾಶಿಯತ್ತ ನಡೆದರು. ಪ್ರತಿಯೊಂದರ ಮೇಲೂ ಸೂಪರ್‌ವೈಸರನ ಕ್ರಾಸು ತೂತುಗಳನ್ನು ಲೆಕ್ಕಿಸದೆ ಬಡಿದು ಕೂತಿತ್ತು. ವಾಪಸು ಬರುವಾಗ ಅವರ ನಡಿಗೆ ಬದಲಾಗಿದ್ದನ್ನು ಚುಟುಕು ಗಮನಿಸಿದ. ಮೇಡಂ ಹೀಗೆ ಕೈ ಹಿಂದೆ ಕಟ್ಟಿ ನಡೆದರೆ ಕೇಸು ಮುಗಿದಂತೆ.

"ಮ್ಯಾನೇಜರೇ, ಹಾರೋ ವಿಮಾನದ ಮೇಲೆ ಕೈಯಿಟ್ಟು ಕೆಲಸ ಮಾಡಿದೋರು ಇಲ್ಲಿ ಯಾರಿದಾರೆ?"

"ನಾನು ಮೊದಲಿಂದ ಆಫೀಸು. ಸೂಪರ್‌ವೈಸರ್ ಲಾರಿ ಕಂಪನಿಯಿಂದ ಬಂದೋನು. ಮೇಸ್ತ್ರಿ ಹಡಗು ಒಡೀತಿದ್ದ. ಇನ್ನು..." ಮ್ಯಾನೇಜರು ಬಸ್ಸಿನ ಕಡೆ ನೋಡಿದರು. "ಗೈಡ್ ತಾತ. ಅವರು ಮೆಕ್ಯಾನಿಕ್ ಆಗಿ ರಿಟೈರ್ ಆದೋರು. ಆದ್ರೆ ಮೇಡಂ, ಅವರು ವಿಮಾನದ ಮೇಲೆ ಕೂತ ನೊಣಾನೂ ಬೈಯೋರಲ್ಲ!"

"ನಾಲ್ಕೂ ಜನ ಬನ್ನಿ."

ಸವೆದ ಗುಜರಿ ವಿಮಾನವೊಂದರ ಮುಂದೆ ಪಂಚರ ಸಮಕ್ಷಮ ನಾಲ್ವರನ್ನೂ ನಿಲ್ಲಿಸಿದರು. ಒಬ್ಬೊಬ್ಬರಾಗಿ ಕೆಂಪು ಡಬ್ಬಿಯಿಂದ ಒಂದೊಂದು ಕ್ರಾಸ್ ಹೊಡೆಯಬೇಕು. ಗೆರೆ ಆ ತೂತುಗಳ ಮೇಲೇ ಹಾಯಬೇಕು. ಕೈಬರಹ ಹೋಲಿಸಿ ನೋಡುವುದಿದೆ ಎಂದರು. ಪ್ರವಾಸಿಗಳು ಇದೂ ಟಿಕೆಟ್ಟಿನಲ್ಲಿ ಸೇರಿದೆಯೆಂದುಕೊಂಡು ಹತ್ತಿರ ಬಂದರು.

ಸೂಪರ್‌ವೈಸರ್ ಸರ್ರನೆ ಎರಡು ಗೆರೆ ಎಳೆದ. ಮ್ಯಾನೇಜರ ಗೆರೆ ಅರ್ಧ ಅವರ ಅಂಗಿಗೇ ಬಿತ್ತು. ಮೇಸ್ತ್ರಿಯ ಕ್ರಾಸು ಕ್ರಾಸಿನಂತೆಯೇ ಬಂತು. ತೂತುಗಳೆಲ್ಲ ಕೆಂಪಾದವು. ಇನ್‌ಸ್ಪೆಕ್ಟರ್ ಬಟ್ಟೆಯಿಂದ ಅವನ್ನು ಒರೆಸಿ, ಡಬ್ಬಿಯನ್ನು ಗೈಡ್ ತಾತನ ಕೈಗೆ ಕೊಟ್ಟರು.

ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನು ಟಾರ್ಚು. ತಾತ ಡಬ್ಬಿ ಅಲ್ಲಾಡಿಸಿ ಬಲಗೈ ಎತ್ತಿದರು. ಎಡಗೈ ಯಾರನ್ನೂ ಕೇಳದೆ ತಾನಾಗಿ ಮುಂದೆ ಹೋಗಿ, ಹೆಬ್ಬೆರಳಿನಿಂದ ತೂತುಗಳನ್ನು ಮುಚ್ಚಿತು. ಬಣ್ಣ ಬೆರಳಿನ ಮೇಲೆ ಹರಿಯಿತು.

ತಾತ ತಮ್ಮ ಕೆಂಪು ಹೆಬ್ಬೆರಳನ್ನು ನೋಡಿದರು. ಆಮೇಲೆ ಇನ್‌ಸ್ಪೆಕ್ಟರ್ ಮುಖ ನೋಡಿದರು.

"ಬರ್ಕೊಳ್ಳಿ ಮೇಡಂ. ನಾನೇ."

ಮೇಸ್ತ್ರಿ ನಿಂತಲ್ಲೇ ನೆಲಕ್ಕೆ ಕುಸಿದು ಕೂತ. ಇಷ್ಟು ಹೊತ್ತು ಪರಿಚಯವೇ ಇಲ್ಲದಂತಿದ್ದ ಅವನ ತಂಡದವರು ಓಡಿ ಬಂದು ನೀರು ಕುಡಿಸಿದರು.

"ಯಾವಾಗ?"

"ನಿನ್ನೆ ಸಂಜೆ. ಕೊನೇ ಬಸ್ ಕಳಿಸಿದ ಮೇಲೆ."

"ಮೇಸ್ತ್ರಿ ತಲೆಗೆ ಬರುತ್ತೆ ಅಂತ ಹೊಳೀಲಿಲ್ವಾ?"

"ಯಾರಿಗೂ ಏನೂ ಆಗಲ್ಲ ಅನ್ಕೊಂಡೆ. ಪಕ್ಕದ್ದೂ ಮುಂದಿನ ತಿಂಗಳು ಕೊಯ್ಯೋದೇ ಅಲ್ವಾ? ಸರದಿ ಹಿಂದೆಮುಂದೆ ಮಾಡ್ದೆ, ಅಷ್ಟೆ."

"ಅದು ಮಾರಾಟ ಆಗಿತ್ತು, ತಾತ. ಗುರುವಾರ ಹಾರೋದಿತ್ತು."

ತಾತ ಮ್ಯಾನೇಜರ ಕಡೆ ತಿರುಗಿದರು. ವಿಮಾನ ಯಾರ್ಡು ಬಿಡುವ ತನಕ ಬಾಯಿ ಬಿಡಬಾರದೆಂದು ಮಾರಾಟದ ಸುದ್ದಿಯನ್ನು ಬಚ್ಚಿಟ್ಟಿದ್ದ ಮ್ಯಾನೇಜರು ನೆಲ ನೋಡಿದರು. ಚುಟುಕು ತೋಳು ಹಿಡಿದು ತಾತನನ್ನು ಬಸ್ಸಿನ ಮೆಟ್ಟಿಲ ಮೇಲೆ ಕೂರಿಸಿದ.

"ಹಾರೋದನ್ನ ಕೊಯ್ಸಿದ್ನಾ ನಾನು?" ಎಂದರು ತಾತ. ಬಂಧನದ ಕಾಗದಕ್ಕೆ ಸಹಿ ಹಾಕುವಾಗಲೂ ಅವರು ಕಾರಣ ಹೇಳಲಿಲ್ಲ.

ಕಾರಣ ನಾಲ್ಕು ಗಂಟೆಗೆ ವಾಕರ್ ಹಿಡಿದು ಠಾಣೆಗೇ ಬಂತು.

"ಎಲ್ಲಿ ನಮ್ಮ ಮಹಾನುಭಾವ?" ಎಂದರು ತಾತನ ಹೆಂಡತಿ. ಸೊಂಟದ ಆಪರೇಷನ್ ಆಗಿ ಮನೆಯಿಂದ ಹೊರಗೆ ಕಾಲಿಟ್ಟಿದ್ದು ಇದೇ ಮೊದಲು. "ನನ್ನ ಸವತಿಗೋಸ್ಕರ ಜೈಲಿಗೂ ಹೋದ್ರಾ?"

"ಸವತಿ?" ಎಂದು ಚುಟುಕು ಹೊಸ ಹಾಳೆ ತಿರುವಿದ.

"ಆ ಹಳೇ ವಿಮಾನ ಕಣಪ್ಪಾ. ಅದು ಕೆಳಗಿಳಿಯೋ ತನಕ ಇವರಿಗೆ ಅನ್ನ ಇಳೀತಿರಲಿಲ್ಲ. ಒಂದಿನ ನಿಮ್ಮ ಮಹಾರಾಣೀನ ನನಗೂ ತೋರಿಸ್ರೀ ಅಂತ ಜೀವಮಾನವೆಲ್ಲ ಕೇಳ್ದೆ. ಆಗ ರೂಲ್ಸು ಬಿಡಲ್ಲ ಅಂದ್ರು. ಈಗ, ಬರೋ ಭಾನುವಾರ ನೀನು ನಡೆಯೋ ಹಾಗಾಗ್ತೀಯ, ಕರ್ಕೊಂಡು ಹೋಗಿ ಪೈಲಟ್ ಸೀಟಲ್ಲೇ ಕೂರಿಸ್ತೀನಿ ಅಂದ್ರು. ನಿನ್ನೆ ನೋಡಿದ್ರೆ ಮುಖ ಸಪ್ಪಗಿತ್ತು. ಕೊಯ್ಯೋ ದಿನಾನ ಇವತ್ತಿಗೇ ಎಳ್ಕೊಂಡ್ರಂತೆ."

"ಮ್ಯಾನೇಜರ್ ಹತ್ರ ಒಂದು ವಾರ ಕೇಳಬಹುದಿತ್ತಲ್ಲ?"

"ಕೇಳಿದ್ರಂತೆ. ಗುಜರಿಗೆ ಯಾರಾದ್ರೂ ಹೆಂಡ್ತಿ ಕರ್ಕೊಂಡು ಬರ್ತಾರಾ ಅಂತ ನಕ್ಕರಂತೆ."

ಹೇಳಿಕೆಗೆ ಸಹಿ ಹಾಕಲು ಬಂದು ಮೂಲೆಯಲ್ಲಿ ಕೂತಿದ್ದ ಮ್ಯಾನೇಜರು ಕೆಮ್ಮಿದರು. "ಮೇಡಂ, ಆ ಹಳೇದನ್ನ ನಾಳೆ ಕೊಯ್ದುಬಿಡಬಹುದಲ್ಲ?"

"ಆಗಲ್ಲ. ಒರೆಸಿದ ಗುರುತು ಇರೋದು ಅದರ ಮೈಮೇಲೆ. ಸಾಕ್ಷ್ಯ ಅಂತ ಜಪ್ತಿ ಮಾಡಿದೀನಿ. ಕೋರ್ಟು ಹೇಳೋ ತನಕ ಒಂದು ಸ್ಕ್ರೂ ಅಲ್ಲಾಡಬಾರದು."

"ಎಷ್ಟು ದಿನ?"

"ಕೋರ್ಟಿನ ಕೆಲಸ. ವರ್ಷದ ಲೆಕ್ಕದಲ್ಲಿ ಕೇಳಿ."

ಮುದುಕಿ ವಾಕರ್ ಮೇಲೆ ಭಾರ ಹಾಕಿ ಮುಂದೆ ಬಾಗಿದರು. "ಜಪ್ತಿಯಾದದ್ದನ್ನ ನೋಡಬಹುದಾ?"

"ಹತ್ತೋ ಹಾಗಿಲ್ಲಮ್ಮ. ಬಸ್ಸಿಂದ ನೋಡೋದಕ್ಕೆ ನನ್ನ ತಕರಾರಿಲ್ಲ. ಆದ್ರೆ ಗೈಡು ಒಳಗಿದಾರೆ. ಅಲ್ಲಿ ಎಲ್ಲಾ ಒಂದೇ ತರಹ ಇವೆ. ಯಾವುದು ಅಂತ ತೋರಿಸೋಕೆ ಯಾರೂ ಇಲ್ಲ."

"ಅವಳ ಜ್ವರ, ನೆಗಡಿ, ಎಡಗಾಲ ಹತ್ರ ಎಣ್ಣೆ ಸೋರೋ ಖಾಯಿಲೆ, ಎಲ್ಲಾ ರಾತ್ರಿ ಊಟಕ್ಕೆ ಕೂತಾಗ ಕೇಳಿದೋಳು ನಾನು," ಎಂದರು ಆಕೆ, ಲಾಕಪ್ಪಿನ ಕಡೆ ಕಣ್ಣು ಹಾಯಿಸಿ. "ಅವಳನ್ನ ಗುರುತು ಹಿಡಿಯೋಕೆ ನನಗೆ ಗೈಡ್ ಬೇಕಾ?"

ಆ ದಿನದ ಕೇಸ್ ಡೈರಿಯಲ್ಲಿ ಕೃತ್ಯದ ಉದ್ದೇಶ ಎಂಬಲ್ಲಿ ಇನ್‌ಸ್ಪೆಕ್ಟರ್ ತಾವೇ ಬರೆದರು: ಆರೋಪಿಯು ತಾನು ಜೀವಮಾನವಿಡೀ ಮಾಡಿದ ಕೆಲಸವನ್ನು ಹೆಂಡತಿಗೆ ಒಮ್ಮೆ ತೋರಿಸಬೇಕೆಂದಿದ್ದನು.